ಹಸುಬೆಯ ಅಳತೆ

ಸಂತೆಮರಹಳ್ಳಿಯು ತನ್ನ ಹೆಸರಿನಲ್ಲಿಯೇ ಸಂತೆಯನ್ನು ಹೊತ್ತುಕೊಂಡಿರುವ ಊರು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳ ಮೇಲೆ ಬಂದು, ಚಾಮರಾಜನಗರವನ್ನು ಹಾದು, ದಿಂಬಂ ಘಾಟಿಯ ಇಪ್ಪತ್ತೇಳು ಕಡಿದಾದ ತಿರುವುಗಳನ್ನು ಇಳಿದು ಕೊಯಮತ್ತೂರಿಗೆ ಸಾಗುವ ಹೆದ್ದಾರಿಯು ಈ ಊರನ್ನು ಮುಟ್ಟಿಕೊಂಡೇ ಹೋಗುತ್ತದೆ. ಆ ರಸ್ತೆಯ ಬದಿಯಲ್ಲಿ ಅರ್ಧ ಗಂಟೆ ನಿಂತು ನೋಡುವವನಿಗೆ, ಮನುಷ್ಯನು ತನ್ನ ಹೊರೆಯನ್ನು ಎಷ್ಟು ಬಗೆಯಲ್ಲಿ ಹೊರುತ್ತಾನೆಂಬುದು ತಾನಾಗಿಯೇ ತಿಳಿದುಬರುತ್ತದೆ. ರೈತನೊಬ್ಬನು ರೇಷ್ಮೆಗೂಡುಗಳನ್ನು ಬಟ್ಟೆಯ ಗಂಟಿನಲ್ಲಿ ತುಂಬಿ, ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಗೂಡಿನ ಮಾರುಕಟ್ಟೆಗೆ ಬರುತ್ತಾನೆ. ಗೂಡಿನೊಳಗಣ ಹುಳು ಇನ್ನೂ ಜೀವದಿಂದಿರುತ್ತದೆ. ಬಿಗಿಯಾಗಿ ತುರುಕಿದರೆ ಒಳಗೆ ಕಾವೇರಿ, ತೇವವೇರಿ, ಗೂಡು ಕೆಡುತ್ತದೆ. ಆದುದರಿಂದ ಅವನ ಗಂಟು ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ, ಕಟ್ಟಿನಲ್ಲಿ ಸಡಿಲ. ಅವನ ಹಿಂದೆಯೇ ಹಳ್ಳಿಹಳ್ಳಿಗೆ ಹೋಗಿ ಬಟ್ಟೆಬರೆ ಮಾರುವವನೊಬ್ಬನು ಬರುತ್ತಾನೆ. ಅವನ ಗಾಡಿಯ ಎರಡು ಮಗ್ಗುಲಿಗೂ ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದ ಎರಡು ದೊಡ್ಡ ಜೋಲುಚೀಲಗಳು ತೂಗುತ್ತಿರುತ್ತವೆ.

ಮಳೆಗಾಲ ಕಳೆದು ಹವೆ ತಂಪಾದ ದಿನಗಳಲ್ಲಿ ಇವರ ನಡುವೆ ಮೂರನೆಯವನೊಬ್ಬನು ಕಾಣಿಸಿಕೊಳ್ಳುತ್ತಾನೆ. ರಜೆಯಲ್ಲಿ ನಗರವನ್ನು ಬಿಟ್ಟು, ಮೋಟಾರು ಸೈಕಲ್ಲಿನ ಮೇಲೆ ಬೆಟ್ಟಗಾಡುಗಳ ಕಡೆಗೆ ಹೊರಟ ಪ್ರವಾಸಿ ಅವನು. ಡೇರೆ, ಕಂಬಳಿ, ಸಣ್ಣ ಒಲೆ, ಬಟ್ಟೆ, ಹತಾರಗಳು ಎಲ್ಲವೂ ಅವನೊಡನೆಯೇ ಸಾಗುತ್ತವೆ. ಇಂಥವರು ಕಟ್ಟಿಕೊಂಡಿರುವ ಚೀಲಗಳಲ್ಲಿ ಬಹುಪಾಲು ಅಂಗಡಿಯಲ್ಲಿ ಕೊಂಡವು; ಕೆಲವರದು ತಗಡಿನ ಪೆಟ್ಟಿಗೆ. ಎಲ್ಲಿಯೋ ಒಬ್ಬನದು ಮಾತ್ರ ಮನೆಯಲ್ಲಿ ಹೊಲಿದ ಕ್ಯಾನ್ವಾಸಿನ ಚೀಲ. ಹೊಲಿಗೆಯ ಸಾಲು ಒಂದೆಡೆ ಸ್ವಲ್ಪ ಡೊಂಕಾಗಿರುವುದರಿಂದಲೇ ಅದು ಮನೆಯದೆಂದು ಗೊತ್ತಾಗುತ್ತದೆ.

ಕೊಳ್ಳುವ ಶಕ್ತಿಯುಳ್ಳವನು ಕೊಳ್ಳದೆ ತಾನೇ ಹೊಲಿದುಕೊಂಡನೆಂದರೆ, ಅದರಲ್ಲಿ ಮೆಚ್ಚತಕ್ಕದ್ದೇನಾದರೂ ಉಂಟೆ? ಇದನ್ನು ಜಿಪುಣತನವೆನ್ನುವವರುಂಟು, ಹುಡುಗಾಟವೆನ್ನುವವರುಂಟು, ಸ್ವಾವಲಂಬನವೆಂದು ಕೊಂಡಾಡುವವರೂ ಉಂಟು. ಜಿಪುಣತನವೆಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಳ್ಳೆಯ ಬಟ್ಟೆ, ದಾರ, ಪಟ್ಟಿ, ಬಕಲ್ಲುಗಳ ಬೆಲೆಗೆ ಮೊದಲ ಸಲ ತಪ್ಪಾಗಿ ಕತ್ತರಿಸಿ ಹಾಳುಮಾಡಿದ ಗಜವನ್ನೂ ಕಳೆದುಹೋದ ಭಾನುವಾರಗಳನ್ನೂ ಸೇರಿಸಿದರೆ ಅಂಗಡಿಯ ಚೀಲವೇ ಅಗ್ಗವಾಗಿ ಕಾಣಬಹುದು. ಹುಡುಗಾಟವೆಂಬುದು ಅರ್ಧ ನಿಜ. ಸ್ವಾವಲಂಬನವೆಂಬ ಹೊಗಳಿಕೆಯನ್ನು ಮಾತ್ರ ಸ್ವಲ್ಪ ನಿಂತು ಪರೀಕ್ಷಿಸಬೇಕು.

ಎರಡು ಮಗ್ಗುಲಿಗೆ ತೂಗುಬಿಡುವ ಮೆತ್ತನೆಯ ಚೀಲವು ಕನ್ನಡಿಗರಿಗೆ ಹೊಸ ವಸ್ತುವಲ್ಲ. ನಡುವೆ ಬಾಯಿ, ಎರಡು ತುದಿಗಳಲ್ಲಿ ಹೊಟ್ಟೆ. ಹೆಗಲ ಮೇಲೆ ಹಾಕಿಕೊಂಡರೆ ಒಂದು ಭಾಗ ಎದೆಗೆ, ಇನ್ನೊಂದು ಬೆನ್ನಿಗೆ. ಇದನ್ನೇ ಹಿರಿಯರು ಹಸುಬೆಯೆಂದು ಕರೆದರು. ಎತ್ತಿನ ಬೆನ್ನಿನ ಮೇಲೆ ಹೇರುವ ಜೋಡಿಚೀಲಕ್ಕೆ ಕಂಟಲೆಯೆಂದು ಹೆಸರು. ಗಾಡಿಯ ರಸ್ತೆಗಳೂ ರೈಲೂ ಹರಡುವುದಕ್ಕೆ ಮುಂಚೆ ಲಂಬಾಣಿಗಳ ಹೇರೆತ್ತುಗಳೇ ದವಸವನ್ನೂ ಉಪ್ಪನ್ನೂ ನಾಡಿನಿಂದ ನಾಡಿಗೆ ಸಾಗಿಸಿದುವು. ೧೭೯೧ರಲ್ಲಿ ಟೀಪೂಸುಲ್ತಾನನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೂ ಅವರ ಹೇರೇ ಅನ್ನವಾಯಿತು. ಎರಡು ಚೀಲಗಳ ತೂಕವೂ ಸಮನಾಗಿರಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಒಂದು ಕಡೆ ಹೆಚ್ಚಾದರೆ ಎತ್ತು ಬಾಯಿಬಿಟ್ಟು ಹೇಳಲಾರದು. ನಾಲ್ಕು ದಿನದ ಮೇಲೆ ಅದರ ಬೆನ್ನಿನ ಹುಣ್ಣು ಹೇಳುತ್ತದೆ. ಮೋಟಾರು ಸೈಕಲ್ಲಿಗೆ ಹುಣ್ಣಾಗುವುದಿಲ್ಲ, ಆದರೆ ಘಾಟಿಯ ತಿರುವಿನಲ್ಲಿ ಅದು ಭಾರವಾದ ಕಡೆಗೆ ವಾಲಿ ತನ್ನ ದೂರನ್ನು ಹೇಳಿಯೇ ಹೇಳುತ್ತದೆ.

ಈ ವಾಹನವೂ ಈ ಪ್ರಾಂತಕ್ಕೆ ಪರಕೀಯವಲ್ಲ. ಮೈಸೂರಿನ ಯಾದವಗಿರಿಯಲ್ಲಿ ೧೯೬೧ರಲ್ಲಿ ಕೆಲಸವನ್ನಾರಂಭಿಸಿದ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳು ಸುತ್ತಣ ತಾಲ್ಲೂಕುಗಳ ರಸ್ತೆಗಳಲ್ಲಿ ಬಹುಕಾಲ ಓಡಾಡಿದುವು. ೧೯೯೬ರಲ್ಲಿ ಆ ಕಾರ್ಖಾನೆ ಮುಚ್ಚಿತು. ಹಸುಬೆಯನ್ನು ಹೊರುವ ಬೆನ್ನು ಬದಲಾಯಿತೇ ಹೊರತು ಹಸುಬೆಯ ನ್ಯಾಯ ಬದಲಾಗಲಿಲ್ಲ.

ಚೀಲವನ್ನು ಹೊಲಿಯಹೊರಟವನು ಮೊದಲು ಮಾಡತಕ್ಕ ಕೆಲಸ ಬಟ್ಟೆ ಕತ್ತರಿಸುವುದಲ್ಲ. ತಾನು ಒಯ್ಯಬೇಕೆಂದುಕೊಂಡ ವಸ್ತುಗಳನ್ನೆಲ್ಲ ನೆಲದ ಮೇಲೆ ಹರಡಿ ಅವುಗಳ ಎದುರಿಗೆ ಕುಳಿತುಕೊಳ್ಳುವುದು. ಮಗ್ಗುಲಿನ ಚೀಲ ನಲವತ್ತು ಸೆಂಟಿಮೀಟರ್ ಉದ್ದ, ಮೂವತ್ತು ಎತ್ತರ, ಹದಿನೈದು ಅಗಲವಿರಲೆಂದಿಟ್ಟುಕೊಂಡರೆ ಒಂದೊಂದರಲ್ಲಿ ಹದಿನೆಂಟು ಲೀಟರಿನಷ್ಟು ಜಾಗ, ಎರಡರಲ್ಲಿ ಮೂವತ್ತಾರು. ಇದು ಸಾಲದೆಂದು ಅಗಲವನ್ನು ಬೆಳೆಸಿದರೆ ಇಕ್ಕಟ್ಟಾದ ದಾರಿಯಲ್ಲಿ ಎದುರಿನವರಿಗೆ ತಗಲುತ್ತದೆ. ಆಳವನ್ನು ಬೆಳೆಸಿದರೆ ಸೈಲೆನ್ಸರಿಗೆ ಮುಟ್ಟುತ್ತದೆ. ಮುಂದಕ್ಕೆ ಬೆಳೆಸಿದರೆ ಕಾಲಿಗೆ ಅಡ್ಡಬರುತ್ತದೆ. ಹಿಂದಕ್ಕೂ ಮೇಲಕ್ಕೂ ಬೆಳೆಸಿದರೆ ಮುಂಗಾಲಿ ಹಗುರವಾಗಿ ಗಾಡಿ ಮಾತು ಕೇಳುವುದಿಲ್ಲ. ಹೀಗೆ ಚೀಲದ ಅಳತೆಯನ್ನು ಗೊತ್ತುಮಾಡುವವನು ಅವನೊಬ್ಬನೇ ಅಲ್ಲ. ಗಾಲಿ, ಬೆಂಕಿ, ಕಾಲು, ದಾರಿ ಎಲ್ಲವೂ ಸೇರಿ ಗೊತ್ತುಮಾಡುತ್ತವೆ. ಅವನು ಆ ಸಭೆಯಲ್ಲಿ ಒಬ್ಬ ಸದಸ್ಯ, ಅಷ್ಟೆ.

ಆಮೇಲೆ ಬಟ್ಟೆ. ಹತ್ತಿಯ ದಪ್ಪ ಕ್ಯಾನ್ವಾಸು ನೆನೆದಾಗ ಅದರ ನೂಲು ಉಬ್ಬಿ ಸೂಜಿಯ ತೂತುಗಳನ್ನು ತಾನೇ ಬಿಗಿದುಕೊಳ್ಳುತ್ತದೆ. ಮೇಣವನ್ನು ಕಾಯಿಸಿ ತಿಕ್ಕಿದರೆ ಇನ್ನೂ ಚೆನ್ನಾಗಿ ನೀರನ್ನು ತಡೆಯುತ್ತದೆ. ಆದರೆ ಒದ್ದೆಯಾಗಿರುವಾಗಲೇ ಮಡಿಸಿಟ್ಟರೆ ಬೂಸಲು ಹಿಡಿಯುತ್ತದೆ. ನೈಲಾನಿನ ಬಟ್ಟೆ ಹಗುರ, ಉಜ್ಜಿಗೆ ಗಟ್ಟಿ. ಬಿಸಿಲಿಗೆ ನಿಧಾನವಾಗಿ ಸೊರಗುತ್ತದೆ, ಬಿಸಿಯಾದ ಲೋಹಕ್ಕೆ ತಗಲಿದರೆ ಕರಗಿ ಅಂಟುತ್ತದೆ. ಇಂಥ ಬಟ್ಟೆಯನ್ನು ಕೊಳ್ಳಹೋದವನಿಗೆ ವ್ಯಾಪಾರಿಯು ಐನೂರು ಡೆನಿಯರ್, ಸಾವಿರ ಡೆನಿಯರ್ ಎಂಬ ಲೆಕ್ಕವನ್ನು ಹೇಳುತ್ತಾನೆ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. ಈ ಅಳತೆಯು ಹುಟ್ಟಿದ್ದು ರೇಷ್ಮೆಯ ವ್ಯಾಪಾರದಲ್ಲಿ. ಗೂಡಿನಿಂದ ಬಿಚ್ಚುವ ಒಂದೆಳೆಯು ಎರಡು ಮೂರು ಡೆನಿಯರಿನದು. ಅಂಥ ಏಳೆಂಟು ಎಳೆಗಳನ್ನು ಒಟ್ಟುಗೂಡಿಸಿದರೆ ಇಪ್ಪತ್ತು ಇಪ್ಪತ್ತೆರಡು ಡೆನಿಯರಿನ ಕಚ್ಚಾ ರೇಷ್ಮೆಯಾಗುತ್ತದೆ. ೧೯೩೫ರಲ್ಲಿ ಅಮೆರಿಕೆಯ ರಸಾಯನಶಾಲೆಯೊಂದರಲ್ಲಿ ಹುಟ್ಟಿದ ನೈಲಾನು ಕೆಲವೇ ವರ್ಷಗಳಲ್ಲಿ ಹೆಂಗಸರ ಕಾಲುಚೀಲಗಳಿಂದ ರೇಷ್ಮೆಯನ್ನು ಹೊರದೂಡಿತು. ಅಳತೆಯನ್ನು ಮಾತ್ರ ರೇಷ್ಮೆಯಿಂದಲೇ ಎರವಲು ಪಡೆದುಕೊಂಡಿತು. ಸಂತೆಮರಹಳ್ಳಿಯ ರಸ್ತೆಯಲ್ಲಿ ಗೂಡಿನ ಗಂಟು ಹೊತ್ತ ಮೊಪೆಡ್ಡನ್ನು ಹಿಂದೆ ಹಾಕಿ ಹೋಗುವ ಪ್ರವಾಸಿಯು, ತನ್ನ ಚೀಲದ ಹೆಮ್ಮೆಯ ಅಂಕಿ ಆ ಗಂಟಿನ ಭಾಷೆಯದೆಂಬುದನ್ನು ಬಹುಶಃ ಅರಿಯನು.

ಬಟ್ಟೆಗಿಂತಲೂ ಹೊಲಿಗೆ ಮುಖ್ಯ. ಚೀಲವು ನಡುಬಟ್ಟೆಯಲ್ಲಿ ಹರಿಯುವುದು ಅಪರೂಪ. ಪಟ್ಟಿಯ ಬುಡದಲ್ಲಿ ಹರಿಯುತ್ತದೆ. ಆದುದರಿಂದ ಪಟ್ಟಿ ಕೂಡುವೆಡೆಯಲ್ಲಿ ಒಳಗಿನಿಂದ ಇನ್ನೊಂದು ತುಂಡನ್ನು ಕೊಟ್ಟು, ಚೌಕವಾಗಿ ಹೊಲಿದು, ಚೌಕದೊಳಗೆ ಅಡ್ಡಡ್ಡಲಾಗಿ ಎರಡು ಗೆರೆ ಹೊಲಿಯಬೇಕು. ಮನೆಯ ಹೊಲಿಗೆ ಯಂತ್ರ ನಾಲ್ಕು ಪದರವನ್ನು ದಾಟಲಾರದೆ ನಿಂತರೆ ಗೋಣಿ ಹೊಲಿಯುವ ದಬ್ಬಳವೇ ಗತಿ. ಜಿಪ್ಪನ್ನು ಧೂಳು ಕೆಡಿಸುತ್ತದೆ; ಬಾಯಿಯನ್ನು ಮೂರು ಸುತ್ತು ಮಡಿಸಿ ಬಕಲ್ಲು ಹಾಕುವುದು ಮೇಲು. ಚೀಲವು ಗಾಲಿಯ ಕಡೆಗೆ ಬಾಗದಂತೆ ಒಳಮಗ್ಗುಲಿಗೆ ಒಂದು ತೆಳುಹಲಗೆ ಬೇಕು. ಪಟ್ಟಿಯ ತುದಿಗಳು ಜೋಲಾಡಕೂಡದು: ಸಡಿಲವಾದ ಒಂದು ಪಟ್ಟಿ ಚೈನಿಗೆ ಸಿಕ್ಕಿ ಹಿಂಗಾಲಿಯು ಒಮ್ಮೆಗೇ ನಿಂತಿತೆಂದರೆ, ಬೀಳುವವನು ಹೊಲಿದವನೊಬ್ಬನೇ ಅಲ್ಲ. ಅವನ ಹಿಂದೆ ಬರುತ್ತಿರುವ ಗೂಡಿನ ಗಂಟಿನವನೂ ಬೀಳುತ್ತಾನೆ.

ಸಾಹಿತ್ಯ ಪತ್ರಿಕೆಯೊಂದರಲ್ಲಿ ದಬ್ಬಳ ಬಕಲ್ಲುಗಳ ವಿಚಾರವೇಕೆಂದು ಕೇಳುವ ವಾಚಕರಿರಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಧರ್ಮಜಿಜ್ಞಾಸೆಯು ಇಲ್ಲಿ ಈ ಚಿಲ್ಲರೆಗಳೊಳಗೇ ಅಡಗಿಕೊಂಡಿದೆ. ಮೇಲೆ ಹೇಳಿದ ಒಂದೊಂದು ವಿವರವೂ ಒಂದು ನಿರ್ಧಾರ. ಚೀಲವನ್ನು ಕೊಂಡವನ ಪರವಾಗಿ ಅವನ್ನೆಲ್ಲ ಬೇರೆ ಯಾರೋ, ಎಲ್ಲಿಯೋ, ಮೊದಲೇ ಮಾಡಿಬಿಟ್ಟಿರುತ್ತಾರೆ. ಅವನಿಗೆ ಉಳಿಯುವುದು ತುಂಬುವ ಕೆಲಸ ಮಾತ್ರ. ಚೀಲದಲ್ಲಿ ಜಾಗವಿರುವುದರಿಂದಲೇ ಎರಡನೆಯ ಪಾದರಕ್ಷೆಯೂ ಮಡಿಸುವ ಕುರ್ಚಿಯೂ ಅದರೊಳಕ್ಕೆ ಬರುತ್ತವೆ. ಬಂದ ಮೇಲೆ ಅವೂ ಆವಶ್ಯಕಗಳೆನಿಸಿಕೊಳ್ಳುತ್ತವೆ. ಕೊಂಡವನಲ್ಲಿ ಪಾತ್ರ ಮೊದಲು, ಬೇಕು ಆಮೇಲೆ. ಹೊಲಿದವನಲ್ಲಿ ಬೇಕೆಂಬುದು ಮೊದಲು ವಿಚಾರಣೆಗೆ ನಿಂತು, ತೀರ್ಪಾದ ಮೇಲೆ ಬಟ್ಟೆಗೆ ಕತ್ತರಿ ಬೀಳುತ್ತದೆ. ಇದು ಬರಿಯ ಹಿಂದುಮುಂದಿನ ವ್ಯತ್ಯಾಸವೆಂದು ತಳ್ಳಿಹಾಕತಕ್ಕದ್ದಲ್ಲ. ಮನುಷ್ಯನ ನಡತೆಯಲ್ಲಿ ಎಷ್ಟೋ ವಿಷಯಗಳು ಯಾವುದು ಮೊದಲು ಯಾವುದು ಆಮೇಲೆ ಎಂಬುದರ ಮೇಲೆಯೇ ನಿಂತಿವೆ.

ಚಾಮರಾಜನಗರದ ತಾಲ್ಲೂಕಿನಲ್ಲಿಯೇ ಮಲೆಯೂರಿನ ಬಳಿ ಕನಕಗಿರಿಯೆಂಬ ಜೈನಕ್ಷೇತ್ರವಿದೆ. ಪೂಜ್ಯಪಾದಾಚಾರ್ಯರು ಅಲ್ಲಿ ತಪಸ್ಸು ಮಾಡಿದರೆಂದು ಸಂಪ್ರದಾಯ ಹೇಳುತ್ತದೆ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದ ಮಹನೀಯರು ಅವರು. ದಿಗಂಬರ ಮುನಿಯು ಆ ಬೆಟ್ಟವನ್ನು ಹತ್ತುವಾಗ ಕೈಯಲ್ಲಿರುವುದು ನವಿಲುಗರಿಯ ಪಿಂಛಿ, ನೀರಿನ ಕಮಂಡಲು; ಇವಲ್ಲದೆ ಓದುವ ಶಾಸ್ತ್ರ. ಅದು ಎಲ್ಲರಿಂದ ಸಾಗುವ ಮಾತಲ್ಲವೆಂಬುದನ್ನು ಆ ಮತದ ಹಿರಿಯರು ಚೆನ್ನಾಗಿ ಬಲ್ಲರು. ಆದುದರಿಂದ ಗೃಹಸ್ಥನಿಗೆ ಅವರು ಬೇರೊಂದು ಚಿಕ್ಕ ವ್ರತವನ್ನು ಹೇಳಿದರು: ಪರಿಗ್ರಹ ಪರಿಮಾಣ. ಹೊಲ, ಮನೆ, ಚಿನ್ನ, ಧಾನ್ಯ, ಪಾತ್ರೆ, ಬಟ್ಟೆ ಇವುಗಳಲ್ಲಿ ತನಗಿಷ್ಟು ಸಾಕೆಂದು ತಾನೇ ಗೆರೆಯೆಳೆದುಕೊಳ್ಳುವುದು. ಈ ವ್ರತದ ಸೂಕ್ಷ್ಮವೆಲ್ಲ ಗೆರೆಯ ಕಾಲದಲ್ಲಿದೆ. ವಸ್ತುಗಳೆಲ್ಲ ಮನೆ ತುಂಬಿದ ಮೇಲೆ ಇಷ್ಟೇ ಸಾಕೆಂದರೆ ಅದು ವ್ರತವಲ್ಲ, ಆಯಾಸ. ಬರುವುದಕ್ಕೆ ಮುಂಚೆ ಎಳೆದ ಗೆರೆಯೇ ಗೆರೆ. ಮನೆಯಲ್ಲಿ ಹೊಲಿದ ಹಸುಬೆಯು ಬಟ್ಟೆಯಲ್ಲಿ ಬರೆದುಕೊಂಡ ಪರಿಗ್ರಹ ಪರಿಮಾಣವೆಂದು ಹೇಳಿದರೆ ಅತಿಯಾಗಲಾರದು. ಹದಿನೆಂಟು ಲೀಟರೆಂದು ಕತ್ತರಿಸಿದ ಬಟ್ಟೆಯು ಇಪ್ಪತ್ತಾಗಲು ಒಪ್ಪುವುದಿಲ್ಲ. ಪ್ರಯಾಣದ ಹಿಂದಿನ ರಾತ್ರಿ ಮನಸ್ಸು ಎಷ್ಟೇ ಗೋಗರೆದರೂ ಒಪ್ಪುವುದಿಲ್ಲ.

ಇಲ್ಲಿಗೆ ವಾದವು ಮುಗಿಯಿತೆಂದು ಹೊಲಿದವನು ಸಂತೋಷಪಡುವಂತಿಲ್ಲ. ಅದೇ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ, ವಸ್ತುವಿನ ಮೇಲಣ ಮೂರ್ಛೆಯಲ್ಲಿ ಕಾಣುತ್ತದೆ. ಈ ಗಜಕಡ್ಡಿಯಿಂದ ಅಳೆದರೆ ಸಣ್ಣ ಚೀಲ, ದೊಡ್ಡ ಚೀಲ ಎಂಬ ಭೇದವೇ ಅಳಿಸಿಹೋಗುತ್ತದೆ. ಅಂಗಡಿಯ ಚೀಲ ಕಳೆದುಹೋದರೆ ಹಣ ಹೋಯಿತೆಂದು ಒಂದು ದಿನ ವ್ಯಥೆ. ತಾನೇ ಹೊಲಿದ ಚೀಲವೋ, ಯಾರಾದರೂ ಅದರ ಡೊಂಕು ಹೊಲಿಗೆಯನ್ನು ತೋರಿಸಿ ನಕ್ಕರೆ ಸಾಕು, ಮುಖ ಕೆಂಪಾಗುತ್ತದೆ. ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗಲೆಲ್ಲ ಯಾರಾದರೂ ಚೀಲದ ವಿಚಾರವನ್ನು ಕೇಳುವರೇ ಎಂದು ಕಿವಿ ನಿಮಿರುತ್ತದೆ. ಕಡಿಮೆ ಹೊತ್ತವನು ಕಡಿಮೆ ಹೊತ್ತೆನೆಂಬ ಹೆಮ್ಮೆಯನ್ನೂ ಹೊತ್ತುಕೊಂಡರೆ, ಅದನ್ನು ಯಾವ ಲೀಟರಿನಲ್ಲಿ ಅಳೆಯುವುದು? ಕೈಯಿಂದ ಮಾಡಿದ ವಸ್ತುವಿಗೆ ಕೈಯ ಋಣವಿರುವಂತೆಯೇ ಕೈಯ ಅಹಂಕಾರವೂ ಅಂಟಿಕೊಳ್ಳುತ್ತದೆ. ಇದಕ್ಕೆ ಪೂರ್ತಿಯಾದ ಉತ್ತರವಿಲ್ಲ. ಒಂದಿಷ್ಟು ಸಮಾಧಾನ ಮಾತ್ರ ಉಂಟು: ಹೊಲಿದವನಿಗೆ ತನ್ನ ಕೆಲಸದ ದೋಷವೆಲ್ಲಿದೆಯೆಂಬುದು ಗೊತ್ತು. ಯಾವ ಮೂಲೆಯಲ್ಲಿ ದಾರ ಸಾಲದೆ ಗಂಟು ಹಾಕಿದನೋ, ಆ ಮೂಲೆಯು ಪ್ರತಿ ಹಳ್ಳದಲ್ಲಿಯೂ ಅವನ ನೆನಪಿಗೆ ಬರುತ್ತದೆ. ಕಂಪೆನಿಯ ಮೇಲೆ ತಪ್ಪು ಹೊರಿಸುವ ಹಾದಿ ಅವನಿಗೆ ಮುಚ್ಚಿದೆ. ಅಹಂಕಾರವನ್ನು ತಗ್ಗಿಸಲು ಇಷ್ಟು ಸಾಲದಿದ್ದರೂ ಅದನ್ನು ಎಚ್ಚರದಲ್ಲಿಡಲು ಸಾಕು.

ಇದಕ್ಕಿಂತ ಗಡುಸಾದ ಆಕ್ಷೇಪವು ಬಟ್ಟೆ ಮಾರುವವನ ಜೋಲುಚೀಲದಿಂದ ಬರುತ್ತದೆ. ಅದೂ ಮನೆಯಲ್ಲಿ ಹೊಲಿದದ್ದೇ. ೧೯೮೦ರಲ್ಲಿ ಟಿ.ವಿ.ಎಸ್. ಐವತ್ತು ಎಂಬ ಮೊಪೆಡ್ಡು ಬಂದಂದಿನಿಂದ ಈ ನಾಡಿನ ಹಳ್ಳಿಗಳಲ್ಲಿ ಸೊಪ್ಪು, ಬಟ್ಟೆ, ಪಾತ್ರೆ, ಉಪ್ಪು, ಐಸು ಎಲ್ಲವೂ ಇಂಥ ಚೀಲ ಪೆಟ್ಟಿಗೆಗಳಲ್ಲಿಯೇ ಮನೆಬಾಗಿಲಿಗೆ ಬಂದಿವೆ. ಸೈಕಲ್ಲಿನ ಹಳೆಯ ಟ್ಯೂಬನ್ನು ಸೀಳಿ ಮಾಡಿದ ಪಟ್ಟಿ ಅವನದು. ಅದು ಎಳೆದಷ್ಟು ಹಿಗ್ಗಿ ಭಾರವನ್ನು ಬಿಗಿಹಿಡಿಯುವಂತೆ ಪೇಟೆಯ ಪಟ್ಟಿಯೂ ಹಿಡಿಯದು. ಭಾರವನ್ನು ತಗ್ಗಿನಲ್ಲಿಡಬೇಕೆಂದು, ಎರಡು ಕಡೆಯೂ ಸಮವಿರಬೇಕೆಂದು, ಮೊದಲು ಮಾರಾಟವಾಗತಕ್ಕದ್ದು ಮೇಲಿರಬೇಕೆಂದು ಅವನಿಗೆ ಯಾರೂ ಪಾಠ ಹೇಳಿಲ್ಲ. ಅವನ ಚೀಲದಲ್ಲಿ ಯಾರೂ ವೇದಾಂತವನ್ನು ಹುಡುಕುವುದೂ ಇಲ್ಲ. ಅವನು ಹೊಲಿದದ್ದು ಕೊಳ್ಳಲು ಹಣವಿಲ್ಲದೆ. ಹಾಗಿದ್ದ ಮೇಲೆ ಒಬ್ಬನ ಗತಿಯನ್ನು ಇನ್ನೊಬ್ಬನು ವಿನೋದಕ್ಕಾಗಿ ತಳೆದು, ಅದಕ್ಕೆ ವ್ರತವೆಂಬ ಹೆಸರನ್ನಿಟ್ಟರೆ ಅದು ವೇಷವಾಗುವುದಿಲ್ಲವೆ?

ವೇಷವಾಗಬಹುದು, ಆಗುವುದೂ ಉಂಟು. ಬೇರೊಂದು ದಾರಿ ತೆರೆದಿರುವಾಗ ತಾನಾಗಿ ಹಾಕಿಕೊಂಡ ಮಿತಿ ಮಾತ್ರ ವ್ರತವೆನಿಸುತ್ತದೆ. ಬೇರೆ ದಾರಿಯಿಲ್ಲದವನ ಇಲ್ಲದಿರುವಿಕೆಯನ್ನು ಸರಳಜೀವನವೆಂದು ಹೊಗಳುವುದು ಕ್ರೌರ್ಯ. ಓದಿದವರ ಮನೆಗಳಲ್ಲಿ ಈ ಕ್ರೌರ್ಯವು ಬಹು ಸೌಮ್ಯವಾದ ಮಾತುಗಳಲ್ಲಿ ನಡೆಯುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಪ್ರವಾಸಿಯು ಹಾಗಾದರೆ ಮಾಡತಕ್ಕದ್ದೇನು? ವಿದ್ಯೆಯಲ್ಲಿ ಮಾರುವವನೇ ಹಿರಿಯನೆಂದು ಒಪ್ಪಿಕೊಳ್ಳುವುದು, ಅವನ ಕಟ್ಟನ್ನು ನೋಡಿ ಕಲಿಯುವುದು, ತನ್ನ ಚೀಲಕ್ಕೆ ಅವನ ಚೀಲದ ಮುಂದೆ ಯಾವ ಪೂಜ್ಯತೆಯನ್ನೂ ಬೇಡದಿರುವುದು. ಇಷ್ಟು ಮಾಡಿದರೆ ವೇಷದ ಬಣ್ಣ ಬಹುಮಟ್ಟಿಗೆ ಕಳಚುತ್ತದೆ.

ಸ್ವಾವಲಂಬನದ ಮಾತನ್ನು ಎತ್ತಿಕೊಂಡರೆ ಸಂತೆಮರಹಳ್ಳಿಗೆ ಬಹು ದೂರವಲ್ಲದ ಬದನವಾಳು ನೆನಪಿಗೆ ಬರುವುದು ಸಹಜ. ಗಾಂಧೀಜಿಯವರ ಕಾಲದಿಂದ ಖಾದಿಗೆ ಹೆಸರಾದ, ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯ ಹಳ್ಳಿ ಅದು. ಅಲ್ಲಿಯೇ ೨೦೧೫ರಲ್ಲಿ ರಂಗಕರ್ಮಿ ಪ್ರಸನ್ನರವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹವನ್ನು ಹೂಡಿ, ಕೈಕೆಲಸಕ್ಕೆ ಮತ್ತೆ ಮಾನವನ್ನು ಕೇಳಿದರು. ೧೯೨೫ರಲ್ಲಿ ಚರಕದ ವಿಷಯವಾಗಿ ರವೀಂದ್ರನಾಥ ಠಾಕೂರರೂ ಗಾಂಧೀಜಿಯವರೂ ನಡೆಸಿದ ವಾದವನ್ನು ಇಲ್ಲಿ ಸ್ಮರಿಸಬಹುದು. ಒಂದೇ ಕೆಲಸವನ್ನು ಎಲ್ಲರೂ ಒಂದೇ ರೀತಿ ಮಾಡುತ್ತ ಹೋದರೆ ಮನಸ್ಸು ಜಡವಾಗುವುದೆಂದು ಕವಿಗಳ ಭಯ. ತಾನು ಕೇಳುವುದು ದಿನಕ್ಕೆ ಅರ್ಧ ಗಂಟೆಯ ಯಜ್ಞವನ್ನು, ಅದರಿಂದ ಉಳ್ಳವನಿಗೂ ಇಲ್ಲದವನಿಗೂ ಒಂದು ನಂಟು ಬೆಳೆಯುವುದೆಂದು ಮಹಾತ್ಮರ ಉತ್ತರ. ಪ್ರವಾಸಿಯ ಚೀಲಕ್ಕೆ ಕವಿಗಳ ಭಯ ತಟ್ಟುವುದಿಲ್ಲ: ಒಂದೇ ಚೀಲವನ್ನು ಹೊಲಿಯುವವನ ಮನಸ್ಸು ಪ್ರತಿ ಮಡಿಕೆಯಲ್ಲಿಯೂ ಎಚ್ಚರವಾಗಿಯೇ ಇರಬೇಕು. ಮಹಾತ್ಮರ ಪರೀಕ್ಷೆಯಲ್ಲಿ ಮಾತ್ರ ಅವನು ತೇರ್ಗಡೆಯಾಗುವುದು ಕಷ್ಟ. ಬೆಂಗಳೂರಿನ ಮನೆಯೊಂದರ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಹೊಲಿದ ಚೀಲದಿಂದ ಯಾವ ನಂಟು ಬೆಳೆದೀತು? ಸೂಜಿಯನ್ನು ಅವನು ಮಾಡಲಿಲ್ಲ, ಹತ್ತಿಯನ್ನು ಬೆಳೆಯಲಿಲ್ಲ, ಬಕಲ್ಲನ್ನು ಎರಕಹೊಯ್ಯಲಿಲ್ಲ. ಎಲ್ಲವನ್ನೂ ತಾನೇ ಮಾಡಿಕೊಂಡೆನೆಂಬ ಮಾತು ಲೆಕ್ಕದಲ್ಲಿ ಸುಳ್ಳು. ಮೇಲಾಗಿ ಎಲ್ಲರೂ ತಮ್ಮ ಚೀಲಗಳನ್ನು ತಾವೇ ಹೊಲಿದುಕೊಳ್ಳತೊಡಗಿದರೆ ರಸ್ತೆಯ ಬದಿಯ ದರ್ಜಿಯ ಯಂತ್ರಕ್ಕೆ ಕೆಲಸವೆಲ್ಲಿ?

ಹೀಗೆ ಹಲವು ಕಡೆಯಿಂದ ಪೆಟ್ಟು ತಿಂದ ಮೇಲೆಯೂ ಉಳಿಯುವುದೊಂದುಂಟು. ಅದನ್ನು ಸ್ವಾವಲಂಬನವೆನ್ನುವುದಕ್ಕಿಂತ ಉತ್ತರದಾಯಿತ್ವವೆನ್ನುವುದು ಮೇಲು. ಮೆತ್ತನೆಯ ಚೀಲದ ಸ್ವಭಾವವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತಗಡಿನ ಪೆಟ್ಟಿಗೆಗೆ ಬೀಗವುಂಟು. ಬಟ್ಟೆಯ ಚೀಲಕ್ಕೆ ಬೀಗ ಹಾಕಿದರೂ ಒಂದು ಚೂರಿ ಅದನ್ನು ನಗುತ್ತ ತೆರೆದೀತು. ಗಾಡಿಯನ್ನು ನಿಲ್ಲಿಸಿ ಊಟಕ್ಕೆ ಹೋಗುವವನು ತನ್ನ ಹೊರೆಯನ್ನು ಆ ಊರಿನವರ ಮರ್ಯಾದೆಗೆ ಒಪ್ಪಿಸಿ ಹೋಗುತ್ತಾನೆ. ಅಂಗಡಿಯವರನ್ನು ಕಂಡು ಸ್ವಲ್ಪ ನೋಡಿಕೊಳ್ಳಿ ಸ್ವಾಮಿ ಎಂದು ಒಂದು ಮಾತು ಹೇಳಲೇಬೇಕಾಗುತ್ತದೆ. ಬೀಗವಿದ್ದರೆ ಆ ಮಾತು ಬೇಕಾಗುತ್ತಿರಲಿಲ್ಲ. ಗಾಡಿ ಬಿದ್ದಾಗಲೂ ಹಾಗೆಯೇ: ಗಟ್ಟಿ ಪೆಟ್ಟಿಗೆಯು ತನ್ನೊಳಗಿನ ವಸ್ತುವನ್ನು ಕಾಪಾಡಿ ಸವಾರನ ಕಾಲನ್ನು ಅಡಿಯಲ್ಲಿ ಸಿಕ್ಕಿಸಿಕೊಳ್ಳಬಹುದು, ಮೆತ್ತನೆಯ ಚೀಲವು ತಾನು ಅಪ್ಪಚ್ಚಿಯಾಗಿ ಕಾಲಿಗೆ ಎಡೆಕೊಡುತ್ತದೆ. ವಸ್ತುವಿನ ಕ್ಷೇಮವೋ ಮನುಷ್ಯನ ಕ್ಷೇಮವೋ ಎಂಬ ಆಯ್ಕೆಯನ್ನು 'ಎರಡೂ ಬೇಕು' ಎಂದು ತಪ್ಪಿಸಿಕೊಳ್ಳುವವರೇ ಹೆಚ್ಚು. ಬಟ್ಟೆಯನ್ನಾರಿಸಿದವನು ತಿಳಿದೋ ತಿಳಿಯದೆಯೋ ಆ ಆಯ್ಕೆಯನ್ನು ಮಾಡಿಕೊಂಡಿರುತ್ತಾನೆ.

ಚಾಮರಾಜನಗರವನ್ನು ದಾಟಿ ಗುಂಡ್ಲುಪೇಟೆಯ ಕಡೆಗೆ ತಿರುಗಿದವನು ಬಂಡೀಪುರದ ಅಂಚಿಗೆ ಬರುತ್ತಾನೆ. ೧೯೭೩ರಲ್ಲಿ ಹುಲಿ ಯೋಜನೆಗೆ ಮೊದಲು ಸೇರಿದ ಕಾಡುಗಳಲ್ಲಿ ಅದು ಒಂದು. ಅದರೊಳಗಣ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರಕ್ಕೆ ೨೦೦೯ರಲ್ಲಿ ತಡೆ ಬಿತ್ತು; ಮರುವರ್ಷ ರಾಜ್ಯದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಡೇರೆ ಹೊತ್ತವನಿಗೆ ಕಾಡಿನ ಮಧ್ಯದಲ್ಲಿ ಡೇರೆ ಹಾಕುವ ಹಕ್ಕಿಲ್ಲ. ದಾರಿಯಲ್ಲಿ ಗಾಡಿ ನಿಲ್ಲಿಸಿ ಊಟದ ಗಂಟು ಬಿಚ್ಚುವ ಹಕ್ಕೂ ಇಲ್ಲ. ತನ್ನ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಹೊರಟವನಿಗೆ, ಎಲ್ಲಿ ಬೇಕಾದರೂ ಮಲಗಬಲ್ಲೆನೆಂಬ ಭಾವನೆ ಬರುವುದು ಸಹಜ. ಆ ಭಾವನೆಯು ಇಲ್ಲಿ ನಿಲ್ಲಬೇಕು. ಕಾಡಿನ ಹೊರಗೆ, ಜಮೀನಿನ ಯಜಮಾನನ ಅಪ್ಪಣೆ ಪಡೆದು ತೋಟದ ಬದಿಯಲ್ಲಿ ಡೇರೆ ಹಾಕುವುದು ಮರ್ಯಾದೆಯ ಮಾರ್ಗ. ಚೀಲದೊಳಗೆ ಏನಿದೆಯೆಂಬುದೂ ಈ ಗಡಿಯಲ್ಲಿ ಸ್ವಂತದ ಮಾತಾಗಿ ಉಳಿಯುವುದಿಲ್ಲ. ದಿಂಬಂ ದಾರಿಯ ಆಸನೂರಿನ ಸುತ್ತ ಆನೆಗಳು ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ಕಬ್ಬನ್ನೆಳೆದು ತಿನ್ನುವುದನ್ನು ಕಂಡವರು ಅನೇಕರು. ವಾಹನದಲ್ಲಿ ತಿಂಡಿಯಿದೆಯೆಂಬುದನ್ನು ಒಮ್ಮೆ ಕಲಿತ ಆನೆಯು ಅದನ್ನು ಮರೆಯುವುದಿಲ್ಲ. ಕಲಿಸಿದವನು ಮಾತ್ರ ಮರೆತು ಮನೆ ಸೇರಿರುತ್ತಾನೆ. ಬಾಳೆಹಣ್ಣಿನ ವಾಸನೆಯನ್ನು ತೂರಿಸಿಕೊಂಡು ಹೋಗುವ ಬಟ್ಟೆಯ ಚೀಲ ಮುಂದೆ ಬರುವ ಬಟ್ಟೆ ಮಾರುವವನಿಗೆ ಅಪಾಯವನ್ನು ಕಟ್ಟಿಟ್ಟು ಹೋಗಬಹುದು. ಹೊರೆಯನ್ನು ತಾನು ಹೊತ್ತೆನೆಂದುಕೊಂಡವನ ಹೊರೆ ನಿಜವಾಗಿ ಯಾರ ಮೇಲಿದೆಯೆಂಬ ಪ್ರಶ್ನೆ ಇಲ್ಲಿ ತತ್ತ್ವದ ಪ್ರಶ್ನೆಯಾಗಿ ಉಳಿಯದೆ ದಾರಿಯ ಪ್ರಶ್ನೆಯಾಗುತ್ತದೆ.

ಈ ಬೆಟ್ಟಗಾಡಿನಲ್ಲಿ ಸಂಚರಿಸುವ ಇನ್ನೊಬ್ಬರ ವಿಷಯವನ್ನು ಪ್ರಸಂಗವಶಾತ್ ಹೇಳಬಹುದು. ಬಿಳಿಗಿರಿಯ ರಂಗನಾಥಸ್ವಾಮಿಯು ಕಾಡಿನಲ್ಲಿ ಅಡ್ಡಾಡುವನೆಂದು ಜನರ ನಂಬಿಕೆ. ಆತನಿಗಾಗಿ ಚರ್ಮದ ದೊಡ್ಡ ಪಾದರಕ್ಷೆಗಳನ್ನು ಹೊಲಿದು ಒಪ್ಪಿಸುವ ಪದ್ಧತಿಯುಂಟು; ಬೆಟ್ಟಕ್ಕೆ ಬಂದ ಭಕ್ತರು ಅವುಗಳನ್ನು ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ನಡೆದರೆ ಸವೆಯುತ್ತವೆ, ಸವೆದರೆ ಹೊಸದು ಬೇಕು. ದೇವರಾದರೂ ತನ್ನ ಪಾದರಕ್ಷೆಯನ್ನು ತಾನೇ ಹೊಲಿದುಕೊಳ್ಳುವನೆಂದು ಯಾರೂ ಹೇಳಿಲ್ಲ. ಆತನಿಗೆ ಚೀಲವನ್ನು ಒಪ್ಪಿಸುವ ಯೋಚನೆಯಂತೂ ಯಾರಿಗೂ ಬಂದಂತಿಲ್ಲ.

ಮನೆಯಲ್ಲಿ ಹೊಲಿದ ಹಸುಬೆಯವನು ನಾಲ್ಕು ದಿನಗಳ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತಿರುವನೆಂದು ಊಹಿಸಬಹುದು. ಘಾಟಿಯ ಕುಲುಕಾಟದಲ್ಲಿ ಎಡಗಡೆಯ ಪಟ್ಟಿಯ ಬುಡ ಬಿಟ್ಟಿದೆ; ಗಂಟು ಹಾಕಿದ್ದ ಆ ಮೂಲೆಯೇ. ಸಂತೆಮರಹಳ್ಳಿಯಲ್ಲಿ ಗಾಡಿ ನಿಲ್ಲಿಸಿ, ದರ್ಜಿಯ ಅಂಗಡಿಯ ಮೆಟ್ಟಿಲಿನ ಮೇಲೆ ಚೀಲವನ್ನಿಟ್ಟು, "ಸ್ವಲ್ಪ ನೋಡಿಕೊಡಿ ಯಜಮಾನರೆ" ಎನ್ನುತ್ತಾನೆ. ದರ್ಜಿಯು ಕನ್ನಡಕವನ್ನು ಹಣೆಗೇರಿಸಿ, ಚೀಲವನ್ನು ಒಳಹೊರಗು ಮಾಡಿ, ಬೆರಳಿನಿಂದ ಹೊಲಿಗೆಯನ್ನು ಸವರಿ, "ಯಾರಪ್ಪಾ ಹೊಲಿದದ್ದು ಇದನ್ನ?" ಎಂದು ಕೇಳುತ್ತಾನೆ. ಹೇಳುವುದೋ ಬೇಡವೋ ಎಂದು ಇವನು ಒಂದು ಗಳಿಗೆ ಅನುಮಾನಿಸಿ, ಕೊನೆಗೆ ಹೇಳುತ್ತಾನೆ. ದರ್ಜಿ ನಗುವುದಿಲ್ಲ. ಬಟ್ಟೆ ಚೆನ್ನಾಗಿದೆಯೆಂದೂ ಇಲ್ಲಿ ಎರಡು ಪದರ ಕೊಡಬೇಕಾಗಿತ್ತೆಂದೂ ಹೇಳಿ, ಪೆಟ್ಟಿಗೆಯಿಂದ ಒಂದು ತುಂಡನ್ನು ಹುಡುಕಿ ತೆಗೆದು ಯಂತ್ರಕ್ಕೆ ಕೊಡುತ್ತಾನೆ. ಕಂದು ಬಣ್ಣದ ದಾರ ಅವನಲ್ಲಿ ಮುಗಿದಿದೆ. ನೀಲಿ ಮಾತ್ರ ಇದೆ. ಆಗಬಹುದೇ ಎಂದು ಕೇಳುತ್ತಾನೆ. ಆಗಬಹುದೆಂದು ಇವನು ಹೇಳುತ್ತಾನೆ. ಹೊರಗೆ ಗೂಡಿನ ಗಂಟುಗಳನ್ನು ಇಳಿಸಿ ಬಂದ ಮೊಪೆಡ್ಡುಗಳು ಖಾಲಿಯಾಗಿ ಊರುಗಳ ಕಡೆಗೆ ಹೊರಡುತ್ತಿರುತ್ತವೆ.